ಮನೆಯೊಳಗೆ ಕಟ್ಟಿದ ದೋಣಿ

ಆ ಮನೆಗೆ ಹೋದವರೆಲ್ಲ ಬಾಗಿಲಲ್ಲೇ ತಲೆ ತಗ್ಗಿಸಬೇಕಿತ್ತು. ಮರ್ಯಾದೆಗಲ್ಲ, ತಗ್ಗಿಸದಿದ್ದರೆ ಹಣೆ ಬಡಿಯುತ್ತಿತ್ತು. ಮುಂಬಾಗಿಲ ಹತ್ತಿರ ಶುರುವಾಗಿ ಮಲಗುವ ಕೋಣೆಯ ಹಿಂದಿನ ಗೋಡೆಯವರೆಗೆ, ಮರದ ಸ್ಟ್ಯಾಂಡುಗಳ ಮೇಲೆ, ಎದೆಮಟ್ಟಕ್ಕೆ ಒಂದು ಪ್ಲೈವುಡ್ ದೋಣಿ ಚಾಚಿಕೊಂಡಿತ್ತು. ಎರಡು ಕೋಣೆಗಳ ನಡುವಿನ ಗೋಡೆಯನ್ನು ಅದಕ್ಕೆಂದೇ ಒಡೆದಿದ್ದರು. ಊಟದ ಮೇಜು ದೋಣಿಯ ಹೊಟ್ಟೆಯ ಕೆಳಗೆ, ಹಾಸಿಗೆ ಅದರ ಬಾಲದ ಕೆಳಗೆ, ಮಗಳು ಓದುವ ಕುರ್ಚಿ ಅದರ ಮೂತಿಯ ಪಕ್ಕ. ಹೊಲಿಗೆ ಯಂತ್ರವೊಂದು ಮಾತ್ರ ಅಡುಗೆಮನೆಯ ಕಿಟಕಿಗೆ ಒತ್ತಿಕೊಂಡು ಬಚಾವಾಗಿತ್ತು.

ಯಂತ್ರ ಮನೆಯೊಡತಿಯದು. ಬೀದಿಯಲ್ಲಿ ಅವಳನ್ನು ಟೈಲರಮ್ಮ ಎಂದೇ ಕರೆಯುತ್ತಿದ್ದರು. ಶಾಲೆಯ ಯೂನಿಫಾರ್ಮು, ಕಿಟಕಿಯ ಪರದೆ, ಉದ್ದ ಜಾಸ್ತಿಯಾದ ಪ್ಯಾಂಟು, ಯಾರು ಏನು ತಂದರೂ ಹೇಳಿದ ದಿನಕ್ಕೆ ಮಡಿಚಿ ಕೊಡುತ್ತಿದ್ದಳು. ಗಂಡ ಹುಡುಗರ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಪ್ರಾಯದಲ್ಲಿ ನೌಕಾಪಡೆ ಸೇರಲು ಹೋಗಿ, ಪಾದ ಚಪ್ಪಟೆಯಾಗಿದೆ ಎನ್ನಿಸಿಕೊಂಡು ವಾಪಸು ಬಂದವನು. ಬೀದಿಯವರು ಬೆನ್ನ ಹಿಂದೆ ‘ಕ್ಯಾಪ್ಟನ್’ ಎಂದು ನಗುತ್ತಿದ್ದರು. ಅದು ಕಿವಿಗೆ ಬಿದ್ದಾಗ ಆತ ಸಿಟ್ಟಾಗಲಿಲ್ಲ, ಎದೆ ಉಬ್ಬಿಸಿದ. ಆಮೇಲೆ ಎಲ್ಲರೂ ಎದುರಿಗೇ ಹಾಗೆ ಕರೆದರು.

ಕಟ್ಟುತ್ತಿದ್ದದ್ದು ಕ್ಯಾಟಮರಾನ್. ಅಕ್ಕಪಕ್ಕ ಎರಡು ಸಪೂರ ಒಡಲು, ನಡುವೆ ಅಡ್ಡತೊಲೆ, ತೊಲೆಗಳ ಮೇಲೆ ಬಲೆ, ಅದರ ಮಧ್ಯೆ ಹಾಯಿಕಂಬ. ಮನೆಗೆ ಬಂದವರಿಗೆ ಕ್ಯಾಪ್ಟನ್ ವಿವರಿಸುತ್ತಿದ್ದ: “ಒಂದೇ ಒಡಲಿನ ದೋಣಿ ಹೆಂಗಸರ ಮನಸ್ಸಿದ್ದ ಹಾಗೆ. ಗಾಳಿ ಬೀಸಿದ ಕಡೆ ವಾಲುತ್ತೆ. ಇದು ವಾಲಲ್ಲ.” ಹೇಳಿ ಹೆಂಡತಿಯ ಕಡೆ ನೋಡುತ್ತಿದ್ದ. ಬಂದವರು ನಗುತ್ತಿದ್ದರು. ಅವಳು ಕಾಫಿ ಲೋಟಗಳನ್ನು ಎತ್ತಿಕೊಂಡು, ಬಗ್ಗಿ, ಒಳಗೆ ಹೋಗುತ್ತಿದ್ದಳು.

ಪ್ಲೈವುಡ್ ಹಲಗೆಗಳನ್ನು ಮೊದಲು ತಾಮ್ರದ ತಂತಿಯಲ್ಲಿ ಹೊಲಿಯಬೇಕಿತ್ತು. ಅಂಚಿನುದ್ದಕ್ಕೂ ತೂತು ಕೊರೆದು, ತಂತಿ ತೂರಿಸಿ, ಇಕ್ಕಳದಲ್ಲಿ ತಿರುಚಿ ಬಿಗಿಯಬೇಕು. “ಹೊಲಿಗೆ ನಿನ್ನ ಕಸುಬು ತಾನೆ? ಹೊಲಿ” ಎಂದು ಇಕ್ಕಳ ಅವಳ ಕೈಗಿಟ್ಟ. ಹೊಲಿಗೆ ಮುಗಿದ ಮೇಲೆ ಎಪಾಕ್ಸಿ ಅಂಟು. ರಾಳದ ಡಬ್ಬಿಯಿಂದ ಎರಡು ಪಾಲು, ಹಾರ್ಡ್‌ನರ್ ಡಬ್ಬಿಯಿಂದ ಒಂದು ಪಾಲು ಸುರಿದು ಕಲಸಿ, ಗರಗಸದ ಹೊಟ್ಟು ಸೇರಿಸಿ, ಬೆಣ್ಣೆಯಂತೆ ಮೂಲೆಮೂಲೆಗೆ ಮೆತ್ತಬೇಕು. ತಡಮಾಡಿದರೆ ಡಬ್ಬಿಯಲ್ಲೇ ಕುದ್ದು ಹೊಗೆಯಾಡಿ ಕಲ್ಲಾಗುತ್ತದೆ. ಕಲಸುವುದು, ಮೆತ್ತುವುದು ಎರಡೂ ಅವಳ ಪಾಲಿಗೇ ಬಂತು. ಕೈಗವಸು ಕೇಳಿದಳು.

“ಕೈಗವಸು ಹಾಕ್ಕೊಂಡ್ರೆ ಬೆರಳಿಗೆ ಉಬ್ಬುತಗ್ಗು ಗೊತ್ತಾಗಲ್ಲ. ಬರಿಗೈಲಿ ಮಾಡು” ಎಂದ.

ತಾನು ಕೆಲಸ ಮಾಡುವಾಗ ಅವಳ ಕೈಲಿ ಹಾಯಿದೋಣಿ ನಡೆಸುವ ಪುಸ್ತಕ ಓದಿಸುತ್ತಿದ್ದ. ಗಾಳಿ ಎಲ್ಲಿಂದ ಬಂದರೆ ಹಾಯಿ ಹೇಗಿರಬೇಕು, ದೋಣಿಯ ಮೂತಿಯನ್ನು ಗಾಳಿಗೆ ಅಡ್ಡ ಹಾಯಿಸುವಾಗ ಯಾವ ಹಗ್ಗ ಮೊದಲು ಸಡಿಲಿಸಬೇಕು, ಎಲ್ಲವನ್ನೂ ಅವಳು ಗಟ್ಟಿಯಾಗಿ ಓದಬೇಕು, ಆತ ಪ್ರಶ್ನೆ ಕೇಳಬೇಕು. ತಪ್ಪಾದರೆ ಡ್ರಿಲ್ ಹುಡುಗರನ್ನು ನಿಲ್ಲಿಸುವಂತೆ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಿದ್ದ. ಮಗಳು ಚಿಕ್ಕವಳಿದ್ದಾಗ ಅದನ್ನು ಆಟವೆಂದುಕೊಂಡು ತಾನೂ ಅಮ್ಮನ ಪಕ್ಕ ಹೋಗಿ ನಿಲ್ಲುತ್ತಿದ್ದಳು. ದೊಡ್ಡವಳಾದಂತೆ ಅವಳ ಕೈಗೆ ಉಜ್ಜುಕಾಗದ ಬಂತು. ಶಾಲೆಯಿಂದ ಬಂದವಳು ಬ್ಯಾಗು ಇಟ್ಟು ದೋಣಿ ಉಜ್ಜಬೇಕು. ಉಜ್ಜಿದ ಧೂಳು ಅನ್ನದಲ್ಲಿ, ಹಾಸಿಗೆಯಲ್ಲಿ, ಅವಳ ಪುಸ್ತಕದ ಹಾಳೆಗಳ ನಡುವೆ. ದೋಣಿಗೆ ಅವಳದೇ ಹೆಸರಿಡುವುದೆಂದು ಅಪ್ಪ ಮೂತಿಯ ಮೇಲೆ ನೀಲಿ ಬಣ್ಣದಲ್ಲಿ ಬರೆದೂ ಇದ್ದ. ಅಷ್ಟಕ್ಕೇ ಆ ಹುಡುಗಿ ವರ್ಷಗಟ್ಟಲೆ ಉಜ್ಜಿದಳು.

ಎರಡನೆಯ ಒಡಲಿಗೆ ಗಾಜಿನ ನಾರಿನ ಬಟ್ಟೆಯನ್ನು ರಾಳದಲ್ಲಿ ನೆನೆಸಿ ಹೊದಿಸುವುದು ಬಾಕಿ ಇತ್ತು. ತೇವದ ಹವೆಯಲ್ಲಿ ಎಪಾಕ್ಸಿ ಬೆಳ್ಳಗಾಗುತ್ತದೆಂದು ವಾರಗಟ್ಟಲೆ ಕಾದಿದ್ದರು. ಒಂದು ಬೆಳಿಗ್ಗೆ ಹವೆ ಒಣಗಿ ಗರಿಗರಿಯಾಗಿತ್ತು. ಅವತ್ತೇ ಮಗಳಿಗೆ ನರ್ಸಿಂಗ್ ಕಾಲೇಜಿನ ಪ್ರವೇಶ ಪರೀಕ್ಷೆ.

ಅವಳು ಬ್ಯಾಗು ಹೆಗಲಿಗೇರಿಸಿ ಹೊರಟಾಗ ಅಪ್ಪ ರಾಳ ಕಲಸುತ್ತಿದ್ದ.

“ಎಲ್ಲಿಗೆ?”

“ಪರೀಕ್ಷೆ ಅಪ್ಪ. ಹೇಳಿದ್ನಲ್ಲ.”

“ಬಟ್ಟೆ ಹೊದಿಸೋಕೆ ಮೂರು ಜನ ಬೇಕು. ಇವತ್ತು ಬಿಟ್ರೆ ಇಂಥ ಹವೆ ಮತ್ತೆ ಯಾವಾಗಲೋ.”

“ನಾಳೇನೂ ಹೀಗೇ ಇರಬಹುದಲ್ಲ.”

“ಕಲಸಿ ಆಗಿದೆ. ರಾಳ ಯಾರಪ್ಪನ ಮನೆ ಆಳೂ ಅಲ್ಲ, ಕಾಯೋಕೆ. ಪರೀಕ್ಷೆ ಮುಂದಿನ ವರ್ಷಾನೂ ಬರುತ್ತೆ.” ಹುಡುಗಿ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಳು. ಕ್ಯಾಪ್ಟನ್ ತಲೆ ಎತ್ತದೆ ಹೆಂಡತಿಗೆ ಹೇಳಿದ: “ಲೇ, ಚಿಲಕ ಹಾಕು.”

ಬಾಗಿಲಿಗೆ ಹತ್ತಿರ ನಿಂತಿದ್ದವಳು ತಾಯಿಯೇ. ಮೊದಲ ಪದರ ಮುಗಿದ ಮೇಲೆ ಹೇಗಾದರೂ ಕಳಿಸಿದರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಚಿಲಕ ಹಾಕಿದಳು. ಮಗಳು ಅಮ್ಮನ ಮುಖವನ್ನು ಒಂದು ಗಳಿಗೆ ನೋಡಿ, ಬ್ಯಾಗು ಕೆಳಗಿಟ್ಟು, ತೋಳು ಮಡಿಚಿದಳು. ಅತ್ತರೆ ಹನಿ ರಾಳಕ್ಕೆ ಬೀಳುತ್ತದೆಂದು ಅಪ್ಪ ಗದರಿದ್ದರಿಂದ ಅಳಲೂ ಇಲ್ಲ. ಸಂಜೆಯ ಹೊತ್ತಿಗೆ ಒಡಲು ಒಂದೂ ಗುಳ್ಳೆ ಇಲ್ಲದೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕ್ಯಾಪ್ಟನ್ ಅಕ್ಕಪಕ್ಕದವರನ್ನು ಕರೆದು ತೋರಿಸಿದ.

ಮುಂದಿನ ವರ್ಷದ ಪರೀಕ್ಷೆಗೆ ಆ ಹುಡುಗಿ ಮನೆಯಲ್ಲಿರಲಿಲ್ಲ. ಬೇರೆ ಊರಿಗೆ ಬಸ್ಸು ಹತ್ತಿದ್ದಳು. ನರ್ಸ್ ಆಗಬೇಕಿದ್ದವಳು ಅಲ್ಲಿ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ರೋಗಿಗಳ ಹಾಸಿಗೆಬಟ್ಟೆ ಒಗೆಯುವ ಕೆಲಸಕ್ಕೆ ಸೇರಿದಳು. ಸುದ್ದಿ ತಿಳಿದ ದಿನ ಅಪ್ಪ ಉಜ್ಜುವ ಯಂತ್ರ ತಂದು ಮೂತಿಯ ಮೇಲಿನ ಹೆಸರನ್ನು ಹೆರೆದು ಹಾಕಿದ. ಧೂಳು ಹಾರದಂತೆ ಒದ್ದೆ ಬಟ್ಟೆ ಹಿಡಿದು ನಿಂತಿದ್ದವಳು ತಾಯಿ.

ಆ ಹೊತ್ತಿಗೆ ಟೈಲರಮ್ಮನ ಕೈ ಕೆಟ್ಟಿತ್ತು. ಮೊದಲು ಬೆರಳ ಸಂದಿಯಲ್ಲಿ ಕೆಂಪು, ಆಮೇಲೆ ಬಿರುಕು, ಆಮೇಲೆ ನೀರು ಸೋರುವ ಗುಳ್ಳೆ. ರಾಳದ ಡಬ್ಬಿಯ ಮುಚ್ಚಳ ತೆರೆದರೆ ಸಾಕು, ರೆಪ್ಪೆಗಳು ಊದಿ ಕಣ್ಣು ಮುಚ್ಚಿಹೋಗುತ್ತಿತ್ತು. ಡಾಕ್ಟರು ನೋಡಿ ಹೇಳಿದರು: “ಇನ್ನು ಇದರ ಹತ್ತಿರ ಸುಳೀಬೇಡಿ. ಮೈ ಒಂದು ಸಲ ಇದನ್ನ ವೈರಿ ಅಂತ ಗುರುತಿಟ್ಕೊಂಡ್ರೆ ಸಾಯೋವರೆಗೂ ಮರೆಯಲ್ಲ.”

“ಸೋಪು ಹಾಕಿ ಚೆನ್ನಾಗಿ ತೊಳ್ಕೊ” ಎಂದ ಕ್ಯಾಪ್ಟನ್.

ಸುಲಿಯುವ ಕೈಗೆ ಬಿಳೀ ಬಟ್ಟೆ ಕೊಡಲು ಗಿರಾಕಿಗಳು ಹಿಂಜರಿದರು. ಒಬ್ಬೊಬ್ಬರೇ ಬೇರೆ ಟೈಲರನ ಕಡೆ ತಿರುಗಿದರು. “ಒಳ್ಳೇದಾಯ್ತು. ಹಾಯಿ ಹೊಲಿಯೋಕೆ ಪುರುಸೊತ್ತಾಯ್ತು ನಿಂಗೆ” ಎಂದು ದಪ್ಪ ಬಟ್ಟೆಯ ಸುರುಳಿ ತಂದು ಅಡುಗೆಮನೆಯಲ್ಲಿ ಕೆಡವಿದ. ಅವಳು ಅದನ್ನೂ ಹೊಲಿದಳು.

ಅಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ಅವಳು ಆತನ ಮಾತು ಮೀರಿದಳು. ಎಡ ಒಡಲಿನ ಹಿಂಬದಿಯಲ್ಲಿ ಚುಕ್ಕಾಣಿ ಕೂರಿಸುವ ಬೋಲ್ಟಿನ ತೂತುಗಳಿದ್ದವು. ಅವುಗಳ ಒಳಮೈಗೆ ರಾಳ ಕುಡಿಸಬೇಕು, ಇಲ್ಲದಿದ್ದರೆ ಪ್ಲೈವುಡ್ಡಿನ ಪದರಗಳು ನೀರು ಹೀರುತ್ತವೆ. ಅವತ್ತು ಅವಳ ಕಣ್ಣು ಪೂರ್ತಿ ಮುಚ್ಚಿಹೋಗಿತ್ತು. ಬ್ರಷ್ಷನ್ನು ರಾಳದಲ್ಲಿ ಅದ್ದದೆ ಬರಿದೇ ಆಡಿಸಿ ಎದ್ದುಬಂದಳು.

“ಕುಡಿಸಿದ್ಯಾ?”

“ಹೂಂ ರೀ, ಕುಡಿಸಿದೆ.”

ಡೆಕ್ಕಿಗೆ ಕೊನೆಯ ಬಣ್ಣ ಹೊಡೆದ ದಿನ ಕ್ಯಾಪ್ಟನ್ ಇನ್ನೊಂದು ಅಪ್ಪಣೆ ಹೊರಡಿಸಿದ. “ನೀನು ಇದನ್ನ ಹತ್ತೋ ಹಾಗಿಲ್ಲ. ನಿನ್ನ ಕೈಯಿಂದ ಹಗ್ಗಕ್ಕೆಲ್ಲ ಚರ್ಮ ಅಂಟುತ್ತೆ. ದಡದಲ್ಲಿ ಕೂತು ನೋಡು. ನೋಡೋಕೂ ಒಬ್ಬರು ಬೇಕಲ್ಲ.”

ಒಡಲುಗಳನ್ನು ಹೊರಗೆ ತರಲು ಬೀದಿಯ ಕಡೆಯ ಗೋಡೆಯನ್ನೂ ಒಡೆದದ್ದಾಯಿತು. ಶಾಲೆಯ ಹುಡುಗರು ಹೆಗಲು ಕೊಟ್ಟು, ಕೊಲ್ಲಿಯ ದಡದಲ್ಲಿ ದೋಣಿಗಳು ನಿಲ್ಲುವ ಧಕ್ಕೆಯ ಪಕ್ಕದ ಮರಳಿಗೆ ಹೊತ್ತರು. ಅಲ್ಲಿ ತೊಲೆ ಕಟ್ಟಿ, ಬಲೆ ಬಿಗಿದು, ಕಂಬ ನಿಲ್ಲಿಸಿದರು. ಮಾರನೆಯ ದಿನ ನೀರಿಗಿಳಿಸುವುದೆಂದಿತ್ತು. ಕ್ಯಾಪ್ಟನ್ ಬಲೆಯ ಮೇಲೆ ನಿಂತು ಹುಡುಗರಿಗೆ ಹಗ್ಗ ಸುತ್ತುವ ಕ್ರಮ ಕೂಗಿ ಹೇಳುತ್ತಿದ್ದವನು, ಮಾತಿನ ಮಧ್ಯೆಯೇ ಬಾಯಿ ಸೊಟ್ಟ ಮಾಡಿ, ಬಲಗೈ ಜೋತು ಬಿಟ್ಟು, ಮಂಡಿ ಮಡಿಚಿ ಬಿದ್ದ. ಹುಡುಗರು ಮೊದಲು ನಕ್ಕರು. ಮೇಷ್ಟ್ರು ಯಾರನ್ನೋ ಅಣಕಿಸುತ್ತಿದ್ದಾರೆ ಎಂದುಕೊಂಡರು.

ಪಾರ್ಶ್ವವಾಯು. ಬಲಗೈ, ಬಲಗಾಲು ಹೋದವು. ಮಾತೂ ಹೋಯಿತು, ಒಂದೇ ಒಂದು ಪದ ಉಳಿಯಿತು. ಅದು ‘ತಪ್ಪು’. ನೀರು ಬೇಕಾದರೂ ತಪ್ಪು, ಚಳಿಯಾದರೂ ತಪ್ಪು, ಡಾಕ್ಟರಿಗೆ ನಮಸ್ಕಾರ ಹೇಳಲು ಹೋದರೂ ತಪ್ಪು. ಹೀಗೂ ಆಗುವುದುಂಟು, ಹೆಚ್ಚು ಬಳಸಿದ ಪದವೇ ಕೆಲವೊಮ್ಮೆ ಉಳಿದುಬಿಡುತ್ತದೆ ಎಂದರು ಡಾಕ್ಟರು. ಟೈಲರಮ್ಮ ಆಸ್ಪತ್ರೆಯ ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅವಳ ಅಕ್ಕ ಬಂದು ಹೇಳಿದಳು: “ಆ ದರಿದ್ರದ ದೋಣೀನ ಮೊದಲು ಒಡೆಸಿ ಹಾಕು ಕಣೇ. ಮನೆ ಮುರೀತು, ಮಗಳು ಹೋದ್ಲು, ಗಂಡ ಬಿದ್ದ.”

“ಇಲ್ಲಕ್ಕ. ನೀರಿಗಿಳಿಸ್ತೀನಿ.”

“ಯಾರು ಓಡಿಸ್ತಾರೆ?”

“ನಾನು.”

ಅಕ್ಕ ತಂಗಿಯ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಫೆರಿ ಓಡಿಸಿ ನಿವೃತ್ತನಾದ ಮುದುಕನೊಬ್ಬ ಧಕ್ಕೆಯ ಬಳಿ ಗಾಳ ಹಾಕುತ್ತ ಕೂರುತ್ತಿದ್ದ. ಓಡಿಸುವುದು ಕಲಿಸಿಕೊಡಿ ಎಂದು ಅವಳು ಅವನನ್ನು ಕೇಳಿಕೊಂಡಳು. ಒಲ್ಲದ ಮನಸ್ಸಿನಿಂದ ದೋಣಿ ಹತ್ತಿದವನು ಸ್ವಲ್ಪ ಹೊತ್ತಿಗೇ ಬೆರಗಾದ. ಹಗ್ಗದ ಹೆಸರು, ಗಾಳಿಯ ದಿಕ್ಕು, ಹಾಯಿಯ ಕೋನ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿದ್ದವು. ಕೈಗೆ ಮಾತ್ರ ಅಭ್ಯಾಸ ಬೇಕಿತ್ತು. ಗೋಡೆಗೆ ಮುಖ ಮಾಡಿ ನಿಂತು ಕಲಿತದ್ದು ಗಾಳಿಗೆ ಮುಖ ಮಾಡಿದಾಗ ಕೆಲಸಕ್ಕೆ ಬಂತು. ಮೊದಲ ಸಲ ಹಾಯಿ ತುಂಬಿ, ಎರಡು ಒಡಲೂ ಒಟ್ಟಿಗೆ ನೀರು ಸೀಳಿ ಹೊರಟಾಗ ಅವಳ ಗಂಟಲಿಂದ ಒಂದು ಸದ್ದು ಹೊರಟಿತು. ಅದು ತನ್ನದೇ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಬಿರಿದ ಅಂಗೈಗೆ ಉಪ್ಪುನೀರು ತಾಗಿ ಬೆಂಕಿಯಂತೆ ಉರಿಯುತ್ತಿತ್ತು. ಅವಳು ಹಗ್ಗ ಬಿಡಲಿಲ್ಲ.

ಒಬ್ಬಳೇ ಓಡಿಸುವಷ್ಟು ಕೈ ಪಳಗಿದ ಮೇಲೆ ಭಾನುವಾರದ ಕ್ರಮ ಶುರುವಾಯಿತು. ಗಂಡನಿಗೆ ಇಸ್ತ್ರಿ ಮಾಡಿದ ಬಿಳೀ ಅಂಗಿ ತೊಡಿಸಿ, ಗಾಲಿಕುರ್ಚಿಯಲ್ಲಿ ಧಕ್ಕೆಯ ತುದಿಗೆ ತಳ್ಳಿಕೊಂಡು ಹೋಗಿ, ಗಾಲಿಗೆ ಬ್ರೇಕು ಹಾಕಿ, ಕುರ್ಚಿಗೆ ಕೊಡೆ ಕಟ್ಟುವಳು. ಆಮೇಲೆ ಕಿವಿಯ ಹತ್ತಿರ ಬಗ್ಗಿ, “ಚೆನ್ನಾಗಿ ಕಾಣ್ತಿದೆಯೇನ್ರಿ?” ಎಂದು ಕೇಳಿ ದೋಣಿ ಹತ್ತುವಳು. ಆತ ಎಡಗೈ ಎತ್ತಿ ಅರಚುತ್ತಿದ್ದ: “ತಪ್ಪು! ತಪ್ಪು!” ಅವಳು ಕೊಲ್ಲಿಯ ಆ ಮಗ್ಗುಲಿಗೆ ಹೋಗಿ, ಬೇಕೆಂದೇ ಆತನ ಮುಂದೆ ಹತ್ತಿರದಲ್ಲಿ ಹಾದು, ಕೈ ಬೀಸಿ, ಮತ್ತೆ ದೂರ ಹೋಗುವಳು.

ನೋಡಿದವರು ಕಣ್ಣೊರೆಸಿಕೊಂಡರು. “ಗಂಡನ ಕನಸನ್ನ ತಲೆ ಮೇಲೆ ಹೊತ್ತು ನಡೆಸ್ತಿದಾಳೆ. ಇಂಥ ಹೆಂಡತಿ ಸಿಗೋಕೆ ಪುಣ್ಯ ಮಾಡಿರಬೇಕು” ಎಂದರು. ಮುದುಕ ಮಾತ್ರ ಹತ್ತಿರ ಕೂತು ನೋಡಿದ್ದ. ಕ್ಯಾಪ್ಟನ್ನಿನ ಸೊಟ್ಟ ಬಾಯಿಯ ಮೂಲೆಯಿಂದ ಜೊಲ್ಲು, ಕಣ್ಣಿಂದ ನೀರು, ಎರಡೂ ಇಳಿದು ಬಿಳೀ ಅಂಗಿಯ ಕಾಲರು ತೊಯ್ಯುತ್ತಿದ್ದದ್ದು ಅವನಿಗೆ ಕಂಡಿತ್ತು.

“ತಾಯಿ, ಅವರನ್ನೂ ಒಂದು ಸಲ ಕರ್ಕೊಂಡು ಹೋಗಿ. ಈ ದೋಣಿ ವಾಲಲ್ಲ. ಬಲೆ ಮೇಲೆ ದಿಂಬಿಟ್ಟು ಕಟ್ಟಿದ್ರಾಯ್ತು, ನಾನೂ ಬರ್ತೀನಿ” ಎಂದ.

“ನೋಡೋಕೂ ಒಬ್ಬರು ಬೇಕಲ್ಲ, ಅಜ್ಜ.”

ಮುದುಕ ಅವಳ ಮುಖವನ್ನೇ ನೋಡಿದ. “ಇದು ಒಳ್ಳೇದಲ್ಲ ತಾಯಿ” ಎಂದಷ್ಟೇ ಹೇಳಿ, ಗಾಳದ ಡಬ್ಬಿ ಎತ್ತಿಕೊಂಡು ಹೋದ. ಮತ್ತೆ ಅವನು ಆ ಧಕ್ಕೆಗೆ ಬರಲಿಲ್ಲ.

ತಾಯಿಯ ಅಕ್ಕನಿಂದ ಅಪ್ಪನ ಸುದ್ದಿ ತಿಳಿದು ಮಗಳು ಬಂದಳು. ತಾಯಿ ಆ ದಿನಕ್ಕೆಂದೇ ದೋಣಿಯನ್ನು ಉಜ್ಜಿ ತೊಳೆದು ಕಾದಿದ್ದಳು. “ಬಾ, ಹತ್ತು. ಇದನ್ನ ಕಟ್ಟಿದ್ದು ನಾವಿಬ್ಬರು ತಾನೆ? ಅವರು ಬರೀ ಬಾಯಲ್ಲಿ ಕಟ್ಟಿದ್ರು” ಎಂದು ಕೈ ಚಾಚಿದಳು.

ಮಗಳು ಕೈ ಹಿಡಿಯಲಿಲ್ಲ. ಕುರ್ಚಿಯ ಪಕ್ಕ ಮಂಡಿಯೂರಿ ಅಪ್ಪನ ಗಲ್ಲ ಒರೆಸಿದಳು.

“ಬಾರೇ. ಅವರಿಗೆ ಅಷ್ಟೆಲ್ಲ ಮಾಡಬೇಕಾಗಿಲ್ಲ ನೀನು. ನಿನ್ನ ಬಾಳು ಹಾಳು ಮಾಡಿದ ಮನುಷ್ಯ.”

“ಅಪ್ಪ ಕಲಸಿದ್ದು ರಾಳ” ಎಂದಳು ಮಗಳು, ತಿರುಗಿ ನೋಡದೆ. “ಚಿಲಕ ಹಾಕಿದ್ದು ನೀನು.”

ಟೈಲರಮ್ಮ ಚಾಚಿದ ಕೈ ಹಿಂದೆಳೆದುಕೊಂಡಳು. ಹಗ್ಗ ಬಿಚ್ಚಿ ಒಬ್ಬಳೇ ಹೊರಟಳು. ನಡುನೀರಿನಿಂದ ತಿರುಗಿ ನೋಡಿದರೆ ಧಕ್ಕೆಯ ಮೇಲೆ ಅಪ್ಪ ಮಗಳು ಇಬ್ಬರೂ ತಲೆಗೆ ತಲೆ ತಾಗಿಸಿ ಕೂತಿದ್ದರು. ತನ್ನ ಪಾಲಿಗೆ ಬರಬೇಕಾದ ಒಂದೇ ಒಂದು ಜೀವವನ್ನೂ ಆತ ಬಾಯಿಲ್ಲದೆಯೇ ಕಸಿದುಕೊಂಡ ಎನ್ನಿಸಿತು ಅವಳಿಗೆ. ಅವತ್ತು ಮಾಮೂಲಿಗಿಂತ ತಡವಾಗಿ ದಡಕ್ಕೆ ಬಂದಳು. ಮಗಳು ಬಸ್ಸಿಗೆ ಹೋಗಿಯಾಗಿತ್ತು.

ಆಮೇಲಿನ ವಾರಗಳಲ್ಲಿ ಕ್ಯಾಪ್ಟನ್ನಿನ ಅರಚಾಟ ಜಾಸ್ತಿಯಾಯಿತು. ದೋಣಿ ಹತ್ತಿರ ಬಂದಾಗಲೆಲ್ಲ ಎಡಗೈಯಿಂದ ಅದರ ಹಿಂಬದಿಯನ್ನೇ ತೋರಿಸಿ, ಕುರ್ಚಿ ಅಲುಗುವಷ್ಟು ಜೋರಾಗಿ “ತಪ್ಪು, ತಪ್ಪು” ಎನ್ನುತ್ತಿದ್ದ. “ಹೌದು ರೀ, ಎಲ್ಲಾ ತಪ್ಪೇ. ನಾನು ಹುಟ್ಟಿದ್ದೇ ತಪ್ಪು” ಎಂದು ಅವಳು ನಕ್ಕು ಹೋಗುತ್ತಿದ್ದಳು. ಎಡ ಒಡಲಿನ ಬಾಲ ಬಲದ್ದಕ್ಕಿಂತ ನಾಲ್ಕು ಬೆರಳು ತಗ್ಗಿನಲ್ಲಿ ಕೂತಿದ್ದು ಆತನ ಕಣ್ಣಿಗೆ ಬಿದ್ದಿತ್ತು. ಒಂದು ದಿನ ಚುಕ್ಕಾಣಿಯ ಬೋಲ್ಟು ಬಿಗಿಯಲು ಹೋದವಳ ಹೆಬ್ಬೆರಳು ಪ್ಲೈವುಡ್ಡಿನೊಳಗೆ, ನೆನೆದ ಬ್ರೆಡ್ಡಿಗೆ ಇಳಿದಂತೆ, ಇಳಿಯಿತು. ಒಳಗೆಲ್ಲ ಕಪ್ಪು. ಅವಳಿಗೆ ಆ ಒಣ ಬ್ರಷ್ಷು ನೆನಪಾಯಿತು.

ಕೊಳೆತದ್ದನ್ನು ಕೆತ್ತಿ ಹೊಸ ರಾಳ ತುಂಬಿದರೆ ಸರಿಹೋಗುತ್ತಿತ್ತು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಡಬ್ಬಿ ತೆರೆದಳು. ಸ್ವಲ್ಪ ಹೊತ್ತಿಗೇ ಗಂಟಲು ಬಿಗಿದು ಉಸಿರು ಸಿಕ್ಕಿಕೊಂಡಿತು. ಅಕ್ಕ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಬೇರೆಯವರನ್ನು ಕರೆದು ಮಾಡಿಸಬಹುದಿತ್ತು. ಆದರೆ ಅವರು ತೂತಿನೊಳಗೆ ಇಣುಕಿ, ಇದಕ್ಕೆ ರಾಳವನ್ನೇ ಕುಡಿಸಿಲ್ಲವಲ್ಲ ಎಂದು ಗಂಡನೆದುರು ಹೇಳುತ್ತಾರೆ. ಆತನ ಕಿವಿ ಇನ್ನೂ ಚುರುಕಾಗಿತ್ತು. ಅದಕ್ಕೆ ಮೇಣ ಮೆತ್ತಿ, ಮೇಲೆ ಬಣ್ಣ ಬಳಿದು ಮುಂದಿನ ಭಾನುವಾರ ಹೊರಟೇಬಿಟ್ಟಳು.

ಕೊಲ್ಲಿಯ ನಡುವೆ ಚುಕ್ಕಾಣಿ ಬುಡಸಮೇತ ಕಿತ್ತುಬಂತು. ಆ ಬಾಯಿಯಿಂದ ನೀರು ನುಗ್ಗಿ ಎಡ ಒಡಲು ತುಂಬಿತು. ದೋಣಿ ಮುಳುಗಲಿಲ್ಲ. ಒಂದು ಮಗ್ಗುಲು ನೀರಿನೊಳಗೆ, ಇನ್ನೊಂದು ಮಗ್ಗುಲು ಆಕಾಶಕ್ಕೆ ಎದ್ದು ಹಾಗೇ ನಿಂತಿತು. ಅವಳು ಒಣಗಿದ್ದ ಒಡಲಿನ ಬೆನ್ನೇರಿ ಕುದುರೆಯ ಮೇಲೆ ಕೂತಂತೆ ಕೂತಳು. ಅವತ್ತು ಬಿಸಿಲು ಜೋರು, ಸುತ್ತ ಯಾವ ದೋಣಿಯೂ ಇಲ್ಲ. ಗಾಳಿಗೆ ಧಕ್ಕೆಯ ಮೇಲಿನ ಕೊಡೆ ಹಾರಿ ನೀರಿಗೆ ಬಿದ್ದದ್ದು ಅವಳಿಗೆ ಕಂಡಿತು. ಬ್ರೇಕು ಹಾಕಿದ ಕುರ್ಚಿಯಲ್ಲಿ ಆತ ಬಿಳೀ ಚುಕ್ಕೆಯಂತೆ ಕೂತಿದ್ದ. ಅಲ್ಲಿಂದ ಆತ ಅಲ್ಲಾಡುವಂತಿಲ್ಲ, ಇಲ್ಲಿಂದ ಇವಳು ಇಳಿಯುವಂತಿಲ್ಲ. ಮಧ್ಯಾಹ್ನವಿಡೀ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಬೆಂದರು. ಆತ ಕೂಗುತ್ತಿದ್ದನೋ ಇಲ್ಲವೋ, ಅಷ್ಟು ದೂರಕ್ಕೆ ಕೇಳಿಸುತ್ತಿರಲಿಲ್ಲ. ಕೇಳಿಸಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಒಂದು ಗಳಿಗೆ ಅನ್ನಿಸಿತು, ಆಮೇಲೆ ಹಾಗನ್ನಿಸಿದ್ದಕ್ಕೆ ಸಿಟ್ಟು ಬಂತು.

ಮೀನಿನ ದೋಣಿಯೊಂದು ಅವಳನ್ನು ದಡಕ್ಕೆ ತಂದಾಗ ಕ್ಯಾಪ್ಟನ್ನಿನ ಮುಖದ ಚರ್ಮ ಗುಳ್ಳೆಯೆದ್ದಿತ್ತು, ತುಟಿ ಸೀಳಿತ್ತು, ಪ್ಯಾಂಟು ಒದ್ದೆಯಾಗಿತ್ತು. ದೋಣಿಯನ್ನು ಎಳೆದು ತಂದವರು ಇದು ಇನ್ನು ಸೌದೆಗೇ ಎಂದರು. ಮರುವಾರ ಗರಗಸದವರು ಬಂದು ಕೊಯ್ದರು. ಅವಳು ನಿಂತು ನೋಡಿದಳು.

ಸುಟ್ಟ ಮುಖದ ಸುದ್ದಿ ಕೇಳಿ ಮಗಳು ಆಸ್ಪತ್ರೆಯ ವ್ಯಾನು ಮಾಡಿಕೊಂಡು ಬಂದಳು. “ಅಪ್ಪನ್ನ ಕರ್ಕೊಂಡು ಹೋಗ್ತೀನಿ. ನನ್ನ ರೂಮಲ್ಲಿ ಜಾಗ ಇದೆ.”

“ಯಾಕೆ? ನಾನು ಸತ್ತಿದ್ದೀನಾ?”

“ಅಮ್ಮ, ನಿನ್ನ ಕೈ ನೋಡ್ಕೊ. ನಿಂಗೂ ಸಾಕಾಗಿದೆ. ಬಿಟ್ಟುಬಿಡು.”

“ಬಿಡಲ್ಲ” ಎಂದಳು ಟೈಲರಮ್ಮ. ಅವಳ ದನಿ ಕೇಳಿ ಡ್ರೈವರು ವ್ಯಾನಿಂದ ಇಳಿದ. “ದೋಣಿ ಹೋಯ್ತು, ನೀನು ಹೋದೆ. ಇವರೊಬ್ಬರು ನನ್ನ ಪಾಲಿಗೆ ಉಳಿದಿರೋದು. ಇವರನ್ನೂ ಕೊಟ್ಟು ನಾನೇನು ಗೋಡೆ ನೋಡ್ಕೊಂಡು ಕೂರ್ಲಾ?”

ಮಗಳು ಕುರ್ಚಿಯ ಮುಂದೆ ಕೂತು ಅಪ್ಪನ ಎಡಗೈ ಹಿಡಿದಳು. “ಅಪ್ಪ, ನನ್ನ ಜೊತೆ ಬರ್ತೀಯಾ? ನೀನೇ ಹೇಳು.”

ಆತ ಮಗಳನ್ನು ನೋಡಿದ, ಹೆಂಡತಿಯನ್ನು ನೋಡಿದ. ಕುತ್ತಿಗೆಯ ನರ ಬಿಗಿದವು. ಯಾವುದೋ ಪದಕ್ಕಾಗಿ ನಾಲಿಗೆ ಬಾಯೊಳಗೆಲ್ಲ ತಡಕಾಡಿತು. “ತಪ್ಪು” ಎಂದ. ಮತ್ತೆ, ಅಳುತ್ತ, “ತಪ್ಪು.”

“ಕೇಳಿದ್ಯಲ್ಲ” ಎಂದಳು ತಾಯಿ. “ಬರೋದು ತಪ್ಪು ಅಂತಿದಾರೆ.”

ವ್ಯಾನು ಖಾಲಿ ಹೋಯಿತು. ಟೈಲರಮ್ಮ ಗಂಡನ ಕುರ್ಚಿಯನ್ನು ಅಡುಗೆಮನೆಗೆ ತಳ್ಳಿ, ಹಾಲಲ್ಲಿ ನೆನೆಸಿದ ಬ್ರೆಡ್ಡು ಒಂದೊಂದೇ ಚಮಚ ತಿನ್ನಿಸಿ, ಬಾಯಿ ಒರೆಸಿದಳು. ಬೀದಿಯ ಕಡೆಯ ಗೋಡೆ ಒಡೆದ ಜಾಗದಿಂದ ಗಾಳಿ ಬರುತ್ತಿತ್ತು. ಅಲ್ಲಿಗೊಂದು ಪರದೆ ಬೇಕಿತ್ತು. ಹರಿದ ಹಾಯಿಯ ತುಂಡೊಂದನ್ನು ಅಳತೆಗೆ ಕತ್ತರಿಸಿ, ಯಂತ್ರದ ಮುಂದೆ ಕೂತು ಅಂಚು ಮಡಿಚತೊಡಗಿದಳು. ದಪ್ಪ ಬಟ್ಟೆ, ಬೆರಳು ಬಿರಿದು ಅಲ್ಲಲ್ಲಿ ರಕ್ತದ ಕಲೆ ಹತ್ತಿತು.

ಪಕ್ಕದಿಂದ ಮೆಲ್ಲಗೆ ಕೇಳಿಸಿತು: “ತಪ್ಪು.”

ಯಂತ್ರ ನಿಲ್ಲಿಸಿ ನೋಡಿದಳು. ಹೊಲಿಗೆ ನಿಜಕ್ಕೂ ಸೊಟ್ಟಗೆ ಹೋಗಿತ್ತು. ಬಿಚ್ಚಲಿಲ್ಲ, ಹಾಗೇ ಕೊನೆಯವರೆಗೆ ಹೊಲಿದು ಮುಗಿಸಿದಳು.